ಇಂಜಿನ್ ಹೀಟ್ ಆಗುತ್ತಿದೆ, ಪಿಕಪ್ಪೂ ಇಲ್ಲ: ಮೂಲ ದೋಷ ಹುಡುಕುವ ದಾರಿ

ಬೇಸಿಗೆಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವಾಗ, ಬಾನೆಟ್ ಎತ್ತಿಕೊಂಡು ನಿಂತ ಕಾರುಗಳು ಕಣ್ಣಿಗೆ ಬೀಳುತ್ತವೆ. ವಿಚಾರಿಸಿದರೆ ಎರಡು ದೂರು ಒಟ್ಟಿಗೆ ಬರುತ್ತವೆ. ಒಂದು, ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ. ಇನ್ನೊಂದು, ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯುವುದಿಲ್ಲ. ಗ್ಯಾರೇಜಿಗೆ ಹೋದಾಗ ಈ ಎರಡನ್ನೂ ಬೇರೆ ಬೇರೆ ರೋಗ ಎಂದು ನೋಡುತ್ತಾರೆ. ಹೀಟಿಗೆ ರೇಡಿಯೇಟರ್ ಬದಲಾಗುತ್ತದೆ, ಪಿಕಪ್ಪಿಗೆ ಪ್ಲಗ್ ಮತ್ತು ಏರ್ ಫಿಲ್ಟರ್ ಬದಲಾಗುತ್ತವೆ. ಬಿಲ್ ಬೆಳೆಯುತ್ತದೆ. ಮುಂದಿನ ಘಾಟಿಯಲ್ಲಿ ಮತ್ತೆ ಅದೇ ಕಥೆ.

ಎರಡೂ ತೊಂದರೆ ಜೊತೆಯಾಗಿ ಬಂದರೆ ಹೆಚ್ಚಿನ ಸಲ ಮೂಲ ಒಂದೇ ಇರುತ್ತದೆ. ಅದಕ್ಕೇ ಪಾರ್ಟ್ ಬಿಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ಯಾವುದು ಮುಂಚೆ ಶುರುವಾಯಿತು? ಬಿಸಿ ಮೊದಲು ಬಂದು ಎಳೆತ ಹೋಯಿತಾ, ಎಳೆತ ಹೋಗಿ ಆಮೇಲೆ ಬಿಸಿ ಬಂತಾ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಮುಖ್ಯವಾಗಿ ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಬಗ್ಗೆ ಬರೆದಿದ್ದೇನೆ. ಡೀಸೆಲ್ ಮತ್ತು ಗ್ಯಾಸ್ ಗಾಡಿಗಳ ಮಾತು ಕೊನೆಯ ಕಡೆ ಸ್ವಲ್ಪ ಇದೆ.

ಬಿಸಿಗೂ ಎಳೆತಕ್ಕೂ ಏನು ನಂಟು?

ಪೆಟ್ರೋಲ್ ಉರಿದು ಬರುವ ಶಕ್ತಿಯಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಮಾತ್ರ ಗಾಡಿ ಓಡಿಸಲು ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದನ್ನು ಕೂಲೆಂಟ್ (ಇಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತುವ ದ್ರವ) ಮತ್ತು ಇಂಜಿನ್ ಆಯಿಲ್ ಹೊತ್ತು ಹೊರಹಾಕಬೇಕು. ಈ ಲೆಕ್ಕ ಎಲ್ಲಿ ತಪ್ಪಿದರೂ ಬಿಸಿ ಏರುತ್ತದೆ.

ಬಿಸಿ ಮೊದಲು ಬಂದರೆ ಆಗುವುದು ಹೀಗೆ. ಇಂಜಿನ್ ಅತಿಯಾಗಿ ಕಾದಾಗ ಪೆಟ್ರೋಲ್ ಗಾಳಿ ಮಿಶ್ರಣ ಸಮಯಕ್ಕೆ ಮುಂಚೆ ತಾನಾಗಿಯೇ ಸಿಡಿಯುತ್ತದೆ. ಘಾಟಿಯಲ್ಲಿ ಕೇಳುವ ಟಕಟಕ ಸದ್ದು ಅದೇ, ನಾಕಿಂಗ್ ಎನ್ನುತ್ತೇವೆ. ನಾಕ್ ಸೆನ್ಸರ್ ಅದನ್ನು ಹಿಡಿದು ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ, ಹೇಳುತ್ತದೆ. ಇಸಿಎಂ ಸ್ಪಾರ್ಕ್ ಕೊಡುವ ಸಮಯವನ್ನು ಹಿಂದಕ್ಕೆ ಸರಿಸುತ್ತದೆ. ಎಳೆತ ಇಳಿಯುತ್ತದೆ. ಬಿಸಿ ಇನ್ನೂ ಏರಿದರೆ ಎಸಿ ಕಟ್ ಆಗುತ್ತದೆ, ಕೆಲವು ಗಾಡಿಗಳಲ್ಲಿ ಥ್ರಾಟಲ್ ಕೂಡ ಪೂರ್ತಿ ತೆರೆಯುವುದಿಲ್ಲ. ಇಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಆಗ ಪಿಕಪ್ ಇಲ್ಲ ಎಂದು ಪ್ಲಗ್ ಬದಲಿಸಿದರೆ ಏನೂ ಪ್ರಯೋಜನ ಇಲ್ಲ.

ಎಳೆತ ಮೊದಲು ಹೋದರೆ ದಾರಿ ಬೇರೆ. ಸೈಲೆನ್ಸರ್ ಕಟ್ಟಿರಬಹುದು, ಕ್ಲಚ್ ಜಾರುತ್ತಿರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು, ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಇರಬಹುದು. ಅದೇ ಏರು ಹತ್ತಲು ನೀವು ಆಕ್ಸಿಲರೇಟರ್ ಜಾಸ್ತಿ ಒತ್ತುತ್ತೀರಿ. ಜಾಸ್ತಿ ಪೆಟ್ರೋಲ್ ಉರಿಯುತ್ತದೆ, ವೇಗ ಮಾತ್ರ ಬರುವುದಿಲ್ಲ, ಎದುರುಗಾಳಿಯೂ ಸಾಲುವುದಿಲ್ಲ. ಕೂಲಿಂಗ್ ವ್ಯವಸ್ಥೆ ಪೂರ್ತಿ ಚೆನ್ನಾಗಿದ್ದರೂ ಇಷ್ಟು ಹೊರೆ ತಡೆಯಲಾರದೆ ಸೋಲುತ್ತದೆ.

ಮೂರನೆಯದು, ಒಂದೇ ದೋಷ ಎರಡನ್ನೂ ಒಟ್ಟಿಗೆ ತರುವುದು. ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರುವುದು ಇದಕ್ಕೆ ಒಳ್ಳೆಯ ಉದಾಹರಣೆ. ಟೈಮಿಂಗ್ ಚೈನ್ ಅಥವಾ ಬೆಲ್ಟ್ ಒಂದು ಹಲ್ಲು ಹಾರಿದ್ದರೂ ಹೀಗೆ ಆಗಬಹುದು.

ದಾರಿಯಲ್ಲೇ ಮುಳ್ಳು ಏರಿದರೆ

ಪರೀಕ್ಷೆಗೆ ಮುಂಚೆ ಜೀವ ಮತ್ತು ಇಂಜಿನ್ ಉಳಿಸಿಕೊಳ್ಳುವ ಮಾತು. ಮುಳ್ಳು ಕೆಂಪಿನ ಕಡೆ ಹೊರಟ ತಕ್ಷಣ ಎಸಿ ಆಫ್ ಮಾಡಿ. ಹೀಟರ್ ಅನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಹೀಟರ್ ಒಳಗಿರುವುದೂ ಒಂದು ಚಿಕ್ಕ ರೇಡಿಯೇಟರೇ, ಅಷ್ಟು ಬಿಸಿಯನ್ನು ಅದು ಹೊರಗೆ ಹಾಕುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿ. "ಇನ್ನು ಐದು ಕಿಲೋಮೀಟರ್ ಇದೆ, ಹೋಗಿಬಿಡೋಣ" ಎನ್ನುವ ಆಸೆಯೇ ಸಾವಿರದಲ್ಲಿ ಮುಗಿಯುವ ರಿಪೇರಿಯನ್ನು ಹತ್ತಾರು ಸಾವಿರಕ್ಕೆ ಒಯ್ಯುತ್ತದೆ.

ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಅಥವಾ ಕೂಲೆಂಟ್ ಟ್ಯಾಂಕಿನ ಪ್ರೆಶರ್ ಕ್ಯಾಪ್ ಯಾವ ಕಾರಣಕ್ಕೂ ತೆರೆಯಬೇಡಿ. ಬಟ್ಟೆ ಸುತ್ತಿಕೊಂಡೂ ಬೇಡ. ಒಳಗಿರುವ ದ್ರವ 100 ಡಿಗ್ರಿಗಿಂತ ಬಿಸಿಯಾಗಿ, ಒತ್ತಡದಲ್ಲಿ ಇರುತ್ತದೆ. ಕ್ಯಾಪ್ ಸಡಿಲ ಆದ ಕ್ಷಣ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕಡಿಮೆ ಎಂದರೂ ಮುಕ್ಕಾಲು ಗಂಟೆ ಕಾಯಿರಿ. ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಅಲ್ಯೂಮಿನಿಯಂ ಹೆಡ್ ಒಂದೇ ಸಲ ತಣ್ಣಗಾದರೆ ಬಿರುಕು ಬಿಡಬಹುದು, ಡೊಂಕಾಗಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕೂಲೆಂಟ್ ಪೂರ್ತಿ ಸೋರಿ ಹೋದರೆ ಟೆಂಪರೇಚರ್ ಸೆನ್ಸರ್ ದ್ರವ ಇಲ್ಲದ ಜಾಗದಲ್ಲಿ ಉಳಿಯುತ್ತದೆ. ಆಗ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಇಳಿಯಬಹುದು. ಹಬೆ ಬರುತ್ತಿದೆ, ಆದರೆ ಮೀಟರ್ ತಣ್ಣಗಿದೆ ಎಂದು ತೋರಿಸುತ್ತಿದೆ ಎಂದರೆ ಅದು ಅಪಾಯದ ಸೂಚನೆ. ಹೀಟರ್ ಹಾಕಿದಾಗ ತಣ್ಣನೆ ಗಾಳಿ ಬಂದರೂ ಅದೇ ಅರ್ಥ, ಒಳಗೆ ನೀರಿಲ್ಲ.

ಮುಳ್ಳನ್ನು ಪೂರ್ತಿ ನಂಬುವುದೂ ಕಷ್ಟವೇ. ಈಗಿನ ಕಾರುಗಳಲ್ಲಿ ಸುಮಾರು 80 ಡಿಗ್ರಿಯಿಂದ 105 ಡಿಗ್ರಿವರೆಗೆ ಮುಳ್ಳು ನಡುವಿನಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಅಲುಗಿತು ಎಂದರೆ ಆಗಲೇ ತಡವಾಗಿದೆ. ಕೆಲವು ಚಿಕ್ಕ ಕಾರುಗಳಲ್ಲಿ ಮುಳ್ಳೇ ಇಲ್ಲ, ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ಅಷ್ಟೇ. ಇದು ನನಗೆ ಒಪ್ಪಿಗೆಯಾಗದ ವಿನ್ಯಾಸ. ಬಿಸಿ ಏರುತ್ತಾ ಇದೆ ಎಂದು ಓಡಿಸುವವರಿಗೆ ಮೊದಲೇ ಗೊತ್ತಾಗಬೇಕು ಅಲ್ವಾ? ಹಾಗಾಗಿ ಓಬಿಡಿ ಸಾಕೆಟ್‌ಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಜಾಗ) ಹಾಕುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತೆಗೆದುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಬೆಲೆ ಜಾಸ್ತಿ ಇಲ್ಲ. ಮೊಬೈಲ್‌ನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ. 2013ರಿಂದೀಚಿನ ಪೆಟ್ರೋಲ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಯಾವಾಗ ಹೀಟ್ ಆಗುತ್ತದೆ?

ಈ ಪ್ರಶ್ನೆಗೆ ಮಾಲೀಕರು ಸರಿಯಾಗಿ ಉತ್ತರ ಕೊಟ್ಟರೆ ಹುಡುಕಾಟ ತುಂಬಾ ಕಿರಿದಾಗುತ್ತದೆ.

ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್‌ನಲ್ಲಿ ಹೀಟ್ ಆಗಿ, ಹೈವೇಗೆ ಬಂದ ಮೇಲೆ ತಾನಾಗಿ ಇಳಿದರೆ ಗಾಳಿಯ ಸಮಸ್ಯೆ. ಫ್ಯಾನ್ ತಿರುಗುತ್ತಿಲ್ಲ, ಇಲ್ಲವೇ ನಿಧಾನವಾಗಿ ತಿರುಗುತ್ತಿದೆ. ಓಡುವಾಗ ಎದುರುಗಾಳಿ ಆ ಕೊರತೆ ತುಂಬುತ್ತದೆ.

ಊರೊಳಗೆ ಸರಿ ಇದ್ದು, ಹೈವೇಯಲ್ಲಿ 80, 100ರ ವೇಗದಲ್ಲಿ ಅಥವಾ ಘಾಟಿಯಲ್ಲಿ ಏರಿದರೆ ಗಾಳಿಯನ್ನು ಬಿಟ್ಟು ನೀರಿನ ಹರಿವು ನೋಡಿ. ರೇಡಿಯೇಟರ್ ಒಳಗೆ ಕಟ್ಟಿದೆ, ವಾಟರ್ ಪಂಪ್ ಸೋತಿದೆ, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಅರ್ಧವೇ ತೆರೆಯುತ್ತಿದೆ, ಕೆಳಗಿನ ಹೋಸ್ ಹೀರಿಕೊಂಡು ಚಪ್ಪಟೆಯಾಗುತ್ತಿದೆ. ಇದೇ ಗುಂಪಿನಲ್ಲಿ ಹೊರೆಯ ದೋಷಗಳೂ ಬರುತ್ತವೆ: ಕಟ್ಟಿದ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಭಾಗ), ಜಾರುವ ಕ್ಲಚ್, ಹಿಡಿದ ಬ್ರೇಕ್. ಎಳೆತವೂ ಇಲ್ಲ ಎಂಬ ದೂರು ಜೊತೆಗಿದ್ದರೆ ನಾನು ಈ ಗುಂಪನ್ನೇ ಮೊದಲು ಹಿಡಿಯುತ್ತೇನೆ.

ಸ್ಟಾರ್ಟ್ ಮಾಡಿ ಹತ್ತು ನಿಮಿಷ ಆಗುವುದರೊಳಗೆ ಏರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಕೂಲೆಂಟ್ ಕಡಿಮೆ ಇದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಮುಳ್ಳು ಏರುವುದು ಇಳಿಯುವುದು ಮಾಡುತ್ತಿದ್ದರೆ ಏರ್ ಲಾಕ್, ಅಂದರೆ ಕೂಲೆಂಟ್ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ.

ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ

ರಾತ್ರಿಯೆಲ್ಲ ನಿಂತ ಗಾಡಿಯ ಬಾನೆಟ್ ಎತ್ತಿ ನೋಡುವುದಕ್ಕೆ ದುಡ್ಡು ಬೇಕಿಲ್ಲ. ಕೂಲೆಂಟ್ ಟ್ಯಾಂಕಿನಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ರೇಡಿಯೇಟರ್ ಮೇಲೆ ಕ್ಯಾಪ್ ಇದ್ದರೆ ಅದನ್ನೂ ತೆರೆಯಿರಿ. ಟ್ಯಾಂಕ್ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಅಪರೂಪ ಏನಲ್ಲ. ಕ್ಯಾಪ್‌ನ ರಬ್ಬರ್ ಒಡೆದಿದ್ದರೆ, ಟ್ಯಾಂಕಿನ ಪೈಪ್ ತೂತಾಗಿದ್ದರೆ ದ್ರವ ಟ್ಯಾಂಕಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಈ ಕ್ಯಾಪ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅಷ್ಟು ಬಾರ್ ಒತ್ತಡವನ್ನು ಅದು ಒಳಗೆ ಹಿಡಿದಿಡಬೇಕು. ಒತ್ತಡ ಇದ್ದರೆ ದ್ರವ ಸುಮಾರು 20 ಡಿಗ್ರಿ ತಡವಾಗಿ ಕುದಿಯುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಮುಂಚೆ. ಕ್ಯಾಪ್‌ನ ಸ್ಪ್ರಿಂಗ್ ಸೋತ ಗಾಡಿಗೆ ಬರೀ ನೀರು ತುಂಬಿ ಘಾಟಿ ಹತ್ತಿಸಿದರೆ, ಇಂಜಿನ್ ಮಾಮೂಲಿ ಬಿಸಿಯಲ್ಲಿ ಇರುವಾಗಲೇ ನೀರು ಕುದಿಯಲು ಶುರುವಾಗುತ್ತದೆ. ಕೆಲವು ನೂರು ರೂಪಾಯಿಯ ಕ್ಯಾಪ್ ಇದು. ಅನುಮಾನ ಇದ್ದರೆ ಅದೇ ನಂಬರಿನ ಹೊಸದನ್ನು ಹಾಕಿಬಿಡಿ.

ಆಮೇಲೆ ಹೋಸ್ ಪೈಪ್‌ಗಳನ್ನು ಹಿಂಡಿ ನೋಡಿ. ತೀರಾ ಮೆತ್ತಗಿರಬಾರದು, ಒಣಗಿ ಬಿರುಕು ಬಿಟ್ಟಿರಬಾರದು. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಕೂಲೆಂಟ್ ಒಸರಿ ಒಣಗಿದ ಬಣ್ಣದ ಕಲೆ ಕಂಡರೆ ಪಂಪಿನ ಸೀಲ್ ಹೋಗಿದೆ. ಪಂಪ್ ಹೊರಗಿನ ಬೆಲ್ಟ್‌ನಿಂದ ತಿರುಗುವ ಗಾಡಿಯಾದರೆ ಬೆಲ್ಟ್ ಸಡಿಲ ಇದೆಯಾ ನೋಡಿ. ಡಿಪ್‌ಸ್ಟಿಕ್ ಎಳೆದು ಇಂಜಿನ್ ಆಯಿಲ್ ಮಟ್ಟ ನೋಡುವುದನ್ನು ಮರೆಯಬೇಡಿ. ಆಯಿಲ್ ಕಡಿಮೆ ಇದ್ದರೂ ಇಂಜಿನ್ ಕಾಯುತ್ತದೆ.

ಆಯಿಲ್ ತುಂಬುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ನೊರೆ ಕಂಡರೆ ಗಾಬರಿ ಆಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಗಳಲ್ಲಿ ತೇವದಿಂದಲೂ ಹಾಗೆ ಆಗುತ್ತದೆ. ಅದೇ ನೊರೆ ಡಿಪ್‌ಸ್ಟಿಕ್ ಮೇಲೂ ಇದ್ದರೆ ಆಗ ಆಯಿಲ್‌ಗೆ ಕೂಲೆಂಟ್ ಸೇರುತ್ತಿದೆ. ಗಾಡಿ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಕೂಲಿಂಗ್ ಕಡೆಯ ಪರೀಕ್ಷೆ

ಫ್ಯಾನ್ ಸುಲಭ. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಲೇಬೇಕು. ತಿರುಗಿದರೆ ಮೋಟರ್, ರಿಲೇ ಚೆನ್ನಾಗಿವೆ. ತಿರುಗದಿದ್ದರೆ ಫ್ಯೂಸ್ ನೋಡಿ, ಅದೇ ನಂಬರಿನ ಬೇರೆ ರಿಲೇ ಅಲ್ಲಿಗೆ ಹಾಕಿ ನೋಡಿ, ಕೊನೆಗೆ ಮೋಟರ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ಎರಡು ಸ್ಪೀಡ್ ಇರುವ ಫ್ಯಾನ್‌ನಲ್ಲಿ ರೆಸಿಸ್ಟರ್ ಸುಟ್ಟು ಕಡಿಮೆ ಸ್ಪೀಡ್ ಮಾತ್ರ ಸತ್ತಿರುವುದೂ ಉಂಟು.

ಫ್ಯಾನ್ ಚೆನ್ನಾಗಿದ್ದರೆ ರೇಡಿಯೇಟರ್ ಹೊರಗಡೆ ನೋಡಿ. ಮುಂದೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಕಸ ಕಟ್ಟುವುದು ಈ ಎರಡರ ನಡುವೆ. ಮುಂದಿನಿಂದ ನೋಡಿದರೆ ಶುದ್ಧವಾಗಿಯೇ ಕಾಣುತ್ತದೆ. ಸುಗ್ಗಿ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಒಕ್ಕಣೆಗೆಂದು ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಹಾದು ಬಂದ ಗಾಡಿಗಳಲ್ಲಿ ಹೊಟ್ಟು, ಕಡ್ಡಿ ಒಳಗೆ ಸೇರಿ ಗಾಳಿ ಹೋಗದ ಹಾಗೆ ಪದರ ಕಟ್ಟುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ಹೊಡೆದರೆ ತೆಳುವಾದ ಫಿನ್‌ಗಳು ಮಡಚಿಕೊಳ್ಳುತ್ತವೆ.

ಒಳಗಡೆಯ ಕಟ್ಟು ಕಣ್ಣಿಗೆ ಕಾಣುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರ್‌ಗೆ ತುಂಬುತ್ತಾ ಬಂದರೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಹಾಗೆಯೇ ಬಿಳಿ ಪೊರೆ ಕಟ್ಟುತ್ತದೆ. ಜೊತೆಗೆ ತುಕ್ಕು ಬೇರೆ. ಇದನ್ನು ಪತ್ತೆ ಮಾಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತುಂಬಾ ಉಪಯೋಗಕ್ಕೆ ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಅದನ್ನು ರೇಡಿಯೇಟರ್ ಮೇಲೆ ಸಾಲಾಗಿ ಓಡಿಸಿ. ನೀರು ಬರುವ ಕಡೆಯಿಂದ ಹೋಗುವ ಕಡೆಗೆ ಬಿಸಿ ನಿಧಾನವಾಗಿ ಇಳಿಯಬೇಕು. ನಡುವೆ ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಹೊಳೆಯುವ ಲೋಹದ ಮೇಲೆ ಈ ಗನ್ ತಪ್ಪು ಲೆಕ್ಕ ಕೊಡುತ್ತದೆ. ಹಾಗಾಗಿ ಕಪ್ಪು ಬಣ್ಣದ ಭಾಗ ಅಥವಾ ರಬ್ಬರ್ ಮೇಲೆ ಅಳೆಯಿರಿ.

ಥರ್ಮೋಸ್ಟಾಟ್ ನೋಡಲು ಎರಡು ಹೋಸ್‌ಗಳ ಬಿಸಿ ಹೋಲಿಸಿದರೆ ಸಾಕು. ಇಂಜಿನ್ 95 ಡಿಗ್ರಿ ದಾಟಿದರೂ ಮೇಲಿನ ಹೋಸ್ ಸುಡುತ್ತಿದೆ, ಕೆಳಗಿನದು ತಣ್ಣಗಿದೆ ಎಂದರೆ ವಾಲ್ವ್ ತೆರೆದಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ವಾಲ್ವ್ ಬಿಚ್ಚಿ ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗಬಾರದು. ನೀರು ಕಾಯಿಸಿ. ವಾಲ್ವ್ ಮೇಲೆ 82 ಅಥವಾ 88 ಎಂದು ಒತ್ತಿರುತ್ತದೆ. ಆ ಡಿಗ್ರಿ ಬಂದಾಗ ತೆರೆಯಲು ಶುರುವಾಗಿ, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು.

"ನಮ್ಮ ಊರಿನ ಸೆಕೆಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡಿ" ಎಂದು ಹೇಳುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ವಾಲ್ವ್ ಇಲ್ಲದ ಇಂಜಿನ್ ಹೈವೇಯಲ್ಲಿ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಎಂ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಎಳೆತ ಮಂದವಾಗುತ್ತದೆ, ಆಯಿಲ್ ಬೇಗ ಕೆಡುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಹಳಷ್ಟು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವ್ ತೆಗೆದರೆ ಬಿಸಿ ನೀರಿನ ಒಂದು ಭಾಗ ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಘಾಟಿಯಲ್ಲಿ ಹೀಟ್ ಇನ್ನೂ ಜಾಸ್ತಿ ಆಗುತ್ತದೆ. ಫ್ಯಾನ್ ಅನ್ನು ಸ್ವಿಚ್ ಹಾಕಿ ಡೈರೆಕ್ಟ್ ಮಾಡಿಸುವುದೂ ಇದೇ ಜಾತಿಯ ಕೆಲಸ. ದೋಷ ಅಲ್ಲೇ ಉಳಿಯುತ್ತದೆ, ಕಾಣದ ಹಾಗೆ ಆಗುತ್ತದೆ ಅಷ್ಟೇ.

ಎಳೆತದ ಕಡೆಯ ಪರೀಕ್ಷೆ

ಇಲ್ಲಿ ಸ್ಕ್ಯಾನರ್ ಹಾಕಿಯೇ ಶುರು ಮಾಡಿ. ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ, ಸುಮ್ನೆ ಅಳಿಸಬೇಡಿ. ಪಿ0217 ಬಂದರೆ ಇಂಜಿನ್ ನಿಜವಾಗಿ ಮಿತಿ ಮೀರಿ ಕಾದಿದೆ. ಪಿ0128 ಬಂದರೆ ತಕ್ಕಷ್ಟು ಬಿಸಿ ಆಗುತ್ತಿಲ್ಲ, ಥರ್ಮೋಸ್ಟಾಟ್ ತೆರೆದೇ ಇದೆ ಅಥವಾ ತೆಗೆದಿದ್ದಾರೆ. ಪಿ0300ರಿಂದ ಪಿ0304ರವರೆಗೆ ಮಿಸ್ಸಿಂಗ್ ಕೋಡ್‌ಗಳು, ಕೊನೆಯ ಅಂಕೆ ಯಾವ ಸಿಲಿಂಡರ್ ಎಂದು ಹೇಳುತ್ತದೆ. ಸೊನ್ನೆ ಇದ್ದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್‌ಗಳಲ್ಲಿ. ಪಿ0171 ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಪಿ0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿಲ್ಲ.

ಕೋಡ್ ಇಲ್ಲದಿದ್ದರೆ ಲೈವ್ ಡೇಟಾ ನೋಡಿ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಅಳತೆಯಲ್ಲಿ ಇಸಿಎಂ ಮಾಡಿಕೊಂಡ ತಿದ್ದುಪಡಿ) 10 ಪರ್ಸೆಂಟ್ ಒಳಗೆ ಇದ್ದರೆ ಚಿಂತೆ ಇಲ್ಲ. ಅದು ಪ್ಲಸ್ 15, 20ಕ್ಕೆ ಹೋಗಿದ್ದರೆ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ ಅಥವಾ ಪೆಟ್ರೋಲ್ ಪಂಪಿನ ಒತ್ತಡ ಕಡಿಮೆ. ಹೊರೆ ಬಿದ್ದಾಗ ಪೆಟ್ರೋಲ್ ಸಾಲದ ಇಂಜಿನ್‌ಗೆ ಎಳೆತವೂ ಇರುವುದಿಲ್ಲ, ನಾಕಿಂಗ್ ಬಂದು ಬಿಸಿಯೂ ಏರುತ್ತದೆ. ಗೇಜ್ ಹಾಕಿ ಪೆಟ್ರೋಲ್ ಒತ್ತಡ ಅಳೆಯಿರಿ. ಬಹಳಷ್ಟು ಕಾರುಗಳಲ್ಲಿ 3ರಿಂದ 4 ಬಾರ್ ಇರುತ್ತದೆ, ನಿಮ್ಮ ಗಾಡಿಯ ಲೆಕ್ಕ ಅದರ ಸರ್ವಿಸ್ ಮ್ಯಾನುವಲ್‌ನಲ್ಲಿ ಸಿಗುತ್ತದೆ.

ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ ಬಂದ ಮೇಲೆ ಎಲ್ಲದಕ್ಕೂ ಅದರ ಮೇಲೆ ಗೂಬೆ ಕೂರಿಸುವುದು ಅಭ್ಯಾಸವಾಗಿದೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಆದರೆ ಚೆನ್ನಾಗಿದ್ದ ಗಾಡಿ ಇದ್ದಕ್ಕಿದ್ದಂತೆ ಘಾಟಿಯಲ್ಲಿ ಕುದಿಯುತ್ತಿದ್ದರೆ ಬೇರೆ ಕಾರಣ ಹುಡುಕಿ.

ಕ್ಲಚ್ ಪರೀಕ್ಷೆ ಖಾಲಿ ರಸ್ತೆಯಲ್ಲಿ ಮಾಡಬಹುದು. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಒಮ್ಮೆಗೇ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು, ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್‌ಗೆ ಬಂದರೆ, ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಗನ್ ಹಿಡಿಯಿರಿ. ಒಂದು ಚಕ್ರ ಉಳಿದವಕ್ಕಿಂತ ತುಂಬಾ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಡದೇ ಇರುವುದು ತೀರಾ ಸಾಮಾನ್ಯ.

ಕ್ಯಾಟಲಿಟಿಕ್ ಕನ್ವರ್ಟರ್: ಎಲ್ಲರೂ ಕೊನೆಗೆ ನೋಡುವ ಜಾಗ

ನನ್ನ ಅನುಭವದಲ್ಲಿ ಹೀಟ್ ಮತ್ತು ಪಿಕಪ್ ದೂರು ಜೊತೆಗೆ ಬಂದಾಗ ಹೆಚ್ಚು ಜನ ತಪ್ಪಿಸಿಕೊಳ್ಳುವ ದೋಷ ಇದು. ಸೈಲೆನ್ಸರ್ ಪೈಪಿನ ದಾರಿಯಲ್ಲಿ ಜೇನುಗೂಡಿನ ಆಕಾರದ ಸೆರಾಮಿಕ್ ಇಟ್ಟಿಗೆ ಇರುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೆ ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿಯುತ್ತದೆ. ಇಟ್ಟಿಗೆ ಕರಗಿ ತೂತುಗಳು ಮುಚ್ಚಿಕೊಳ್ಳುತ್ತವೆ. ಹೊಗೆ ಹೊರಗೆ ಹೋಗಲು ಜಾಗ ಇಲ್ಲ, ಹೊಸ ಗಾಳಿ ಒಳಗೆ ಬರಲು ಜಾಗ ಇಲ್ಲ. ಸುಡುವ ಹೊಗೆ ಇಂಜಿನ್ ಪಕ್ಕದಲ್ಲೇ ಉಳಿದು ಹೆಡ್ಡನ್ನು ಕಾಯಿಸುತ್ತದೆ.

ಹಾಸನದ ಕಡೆಯ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ನೆನಪಾಗುತ್ತದೆ. "ಅಣ್ಣಾ, ರೇಡಿಯೇಟರ್ ಹೊಸದು, ವಾಟರ್ ಪಂಪ್ ಹೊಸದು, ಥರ್ಮೋಸ್ಟಾಟೂ ಹೊಸದು. ಆದರೂ ಘಾಟಿಯಲ್ಲಿ ಮುಳ್ಳು ನಿಲ್ಲಲ್ಲ" ಎಂದು ಮಾಲೀಕರು ಬೇಸರದಿಂದ ಹೇಳಿದರು. "ಹೀಟ್ ಆಗೋಕೆ ಮುಂಚೆ ಎಳೆತ ಹೇಗಿತ್ತು?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಅದಕ್ಕೆ ಒಂದೆರಡು ತಿಂಗಳ ಮುಂಚೆಯೇ ಓವರ್‌ಟೇಕ್ ಮಾಡೋಕೆ ಕಷ್ಟ ಆಗ್ತಿತ್ತು, ನಿಂತಾಗ ಗಾಡಿ ಸ್ವಲ್ಪ ನಡುಗುತ್ತಿತ್ತು" ಎಂದರು. ಉತ್ತರ ಅಲ್ಲೇ ಇತ್ತು. ಎಳೆತ ಮೊದಲು ಹೋಗಿದೆ, ಬಿಸಿ ಆಮೇಲೆ ಬಂದಿದೆ. ನಡುಕ ಎಂದರೆ ಮಿಸ್ಸಿಂಗ್.

ವ್ಯಾಕ್ಯೂಮ್ ಗೇಜನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹಾಕಿದೆವು. ಚೆನ್ನಾಗಿರುವ ಇಂಜಿನ್ ಐಡಲಿಂಗ್‌ನಲ್ಲಿ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಒಂದು ಇಂಚು ಕಳೆಯಬೇಕು. ಹಾಸನ, ಬೆಂಗಳೂರಿನ ಎತ್ತರದಲ್ಲಿ ಸುಮಾರು 3 ಇಂಚು ಕಡಿಮೆ ಬಂದರೆ ಅದು ದೋಷ ಅಲ್ಲ. ಆಮೇಲೆ 2500 ಆರ್‌ಪಿಎಂನಲ್ಲಿ ಒಂದೇ ಸಮ ಹಿಡಿದಿಡಬೇಕು. ಮುಳ್ಳು ಮೊದಲಿನ ಜಾಗಕ್ಕೆ ಮರಳಿ ಅಲ್ಲೇ ನಿಲ್ಲಬೇಕು. ಈ ಗಾಡಿಯಲ್ಲಿ ಅದು ಮೆಲ್ಲಗೆ ಇಳಿಯುತ್ತಲೇ ಹೋಯಿತು. ಖಚಿತ ಮಾಡಿಕೊಳ್ಳಲು ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಬಹುದು. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐಗಿಂತ ಜಾಸ್ತಿ ಬಂದರೆ ದಾರಿ ಕಟ್ಟಿದೆ. ಇಲ್ಲಿ ಮೂಲ ಸಿಕ್ಕಿದ್ದು ಒಂದು ಸೋತ ಇಗ್ನಿಷನ್ ಕಾಯಿಲ್‌ನಲ್ಲಿ. ಅದರಿಂದ ಮಿಸ್ಸಿಂಗ್, ಮಿಸ್ಸಿಂಗ್‌ನಿಂದ ಕನ್ವರ್ಟರ್ ಹಾಳು, ಕನ್ವರ್ಟರ್‌ನಿಂದ ಹೀಟ್.

ಹಾಗಾಗಿ ಕನ್ವರ್ಟರ್ ಬದಲಿಸುವ ಮೊದಲು ಮಿಸ್ಸಿಂಗ್ ಸರಿಮಾಡಲೇಬೇಕು. ಆಯಿಲ್ ಸುಡುವ ಇಂಜಿನ್ ಆದರೆ ಅದನ್ನೂ. ಇಲ್ಲದಿದ್ದರೆ ಹೊಸದೂ ಹಾಳಾಗುತ್ತದೆ, ಅದು ಅಗ್ಗದ ಪಾರ್ಟ್ ಅಲ್ಲ. ಇಟ್ಟಿಗೆ ಒಡೆದು ಖಾಲಿ ಡಬ್ಬಿ ಹಾಕಿಕೊಡುವವರ ಮಾತು ಕೇಳಬೇಡಿ. ಹೊಗೆ ಪೂರ್ತಿ ವಿಷವಾಗುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ತೊಂದರೆ, ಇಂಜಿನ್ ಲೈಟೂ ಉರಿಯುತ್ತಲೇ ಇರುತ್ತದೆ.

ಹೆಡ್ ಗ್ಯಾಸ್ಕೆಟ್

ಹೀಟ್ ಆದ ಗಾಡಿಗೆಲ್ಲ "ಹೆಡ್ ಇಳಿಸಬೇಕು" ಎನ್ನುವುದು ಸುಲಭ. ಇಳಿಸುವ ಮುಂಚೆ ಸಾಕ್ಷಿ ಕೇಳಿ. ಹೊರಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ಕೂಲೆಂಟ್ ಕಡಿಮೆಯಾಗುತ್ತಿದೆಯೇ? ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತಿದೆಯೇ? ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯೇ? ಇಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಇದೆಯೇ? ಇವು ಇದ್ದರೆ ಬ್ಲಾಕ್ ಟೆಸ್ಟ್ ಮಾಡಿಸಿ. ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಹೊಗೆಯ ಅಂಶ ಇದ್ದರೆ ದ್ರವ ಹಳದಿಯಾಗುತ್ತದೆ. ಜೊತೆಗೆ ಕಂಪ್ರೆಷನ್ ಟೆಸ್ಟ್. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ಬಿದ್ದಿದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿದೆ.

ಹೆಡ್ ಇಳಿಸಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಕೂರಿಸಬಾರದು. ನೇರ ಅಂಚಿನ ಪಟ್ಟಿ ಇಟ್ಟು ಹೆಡ್ ಡೊಂಕಾಗಿದೆಯಾ ಅಳೆಯಬೇಕು. ಬಹಳಷ್ಟು ಸಣ್ಣ ಇಂಜಿನ್‌ಗಳಲ್ಲಿ ಮಿತಿ 0.05 ಮಿಲಿಮೀಟರ್ ಆಸುಪಾಸು. ಬಿರುಕು ಪರೀಕ್ಷೆಯೂ ಆಗಬೇಕು. ಹೆಡ್ ಬೋಲ್ಟ್‌ಗಳನ್ನು ಎಷ್ಟೋ ಇಂಜಿನ್‌ಗಳಲ್ಲಿ ಒಂದೇ ಸಲ ಬಳಸಬೇಕು, ಮ್ಯಾನುವಲ್ ನೋಡಿ ಹೊಸದು ಹಾಕಿ.

ಡೀಸೆಲ್, ಗ್ಯಾಸ್ ಗಾಡಿಗಳಿಗೆ

ಡೀಸೆಲ್‌ನಲ್ಲಿ ಎಳೆತ ಹೋಗಿ ಸುಯ್ ಎಂಬ ಸದ್ದು, ಕಪ್ಪು ಹೊಗೆ ಇದ್ದರೆ ಟರ್ಬೋ ಹೋಸ್ ಒಡೆದಿರಬಹುದು. 2020ರ ಏಪ್ರಿಲ್‌ನಿಂದೀಚಿನ ಬಿಎಸ್-6 ಗಾಡಿಯಾದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿದೆಯಾ ನೋಡಿ. ಕೂಲೆಂಟ್ ಮಾಯವಾಗುತ್ತಿದ್ದು ಹೆಡ್ ಗ್ಯಾಸ್ಕೆಟ್ ಚೆನ್ನಾಗಿದ್ದರೆ ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಕಳಿಸುವ ಹೊಗೆಯನ್ನು ಕೂಲೆಂಟ್‌ನಿಂದ ತಣಿಸುವ ಭಾಗ) ಪರೀಕ್ಷಿಸಿ. ಜೀಪಿನ ಥರ ಉದ್ದಕ್ಕೆ ಇಂಜಿನ್ ಕೂರಿಸಿದ ಕೆಲವು ಗಾಡಿಗಳಲ್ಲಿ ಫ್ಯಾನ್‌ಗೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಜೋಡಣೆ) ಇರುತ್ತದೆ. ಇಂಜಿನ್ ಬಿಸಿ ಇದ್ದು ಆಫ್ ಆಗಿರುವಾಗ ಕೈಯಲ್ಲಿ ತಿರುಗಿಸಿದರೆ ಬಿಗಿ ಇರಬೇಕು. ಹೊರಗೆ ಹಾಕಿಸಿದ ಸಿಎನ್‌ಜಿ, ಎಲ್‌ಪಿಜಿ ಕಿಟ್ ಇದ್ದರೆ ಅದರ ರೆಡ್ಯೂಸರ್‌ಗೆ (ಗ್ಯಾಸಿನ ಒತ್ತಡ ಇಳಿಸುವ ಭಾಗ) ಹೋಗುವ ಕೂಲೆಂಟ್ ಪೈಪ್‌ಗಳನ್ನು ಮೊದಲು ನೋಡಿ. ಸೋರಿಕೆ, ಏರ್ ಲಾಕ್ ಎರಡಕ್ಕೂ ಅದು ಇಷ್ಟದ ಜಾಗ.

ಕೂಲೆಂಟ್ ತುಂಬಿ, ಗಾಳಿ ತೆಗೆದು, ಓಡಿಸಿ ನೋಡುವುದು

ಕೂಲೆಂಟ್ ಬಣ್ಣ ನೋಡಿ ಬೆರೆಸಬೇಡಿ, ಬಣ್ಣ ಒಂದೇ ಇದ್ದರೂ ಒಳಗಿನ ರಸಾಯನ ಬೇರೆ ಇರಬಹುದು. ಮ್ಯಾನುವಲ್ ಹೇಳಿದ್ದನ್ನೇ ತನ್ನಿ. ರೆಡಿಮಿಕ್ಸ್ ಆದರೆ ಹಾಗೆಯೇ ಹಾಕಿ. ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬೋರ್ ನೀರು ಬೇಡ. ಹೆಚ್ಚಿನ ಕೂಲೆಂಟ್‌ಗಳಲ್ಲಿ ಇರುವ ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ಹಳೆಯದನ್ನು ನೆಲಕ್ಕೆ ಚೆಲ್ಲಿದರೆ ನಾಯಿಗಳು ನೆಕ್ಕಿ ಸಾಯುತ್ತವೆ. ಕ್ಯಾನಿನಲ್ಲಿ ಹಿಡಿದು, ಮಕ್ಕಳಿಗೆ ಸಿಗದ ಹಾಗೆ ಇಡಿ.

ಗಾಳಿ ತೆಗೆಯಲು ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರಲಿ. ತಣ್ಣನೆ ಇಂಜಿನ್‌ನಲ್ಲಿ ಕ್ಯಾಪ್ ತೆರೆದು ತುಂಬಿ, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಐಡಲಿಂಗ್‌ನಲ್ಲಿ ಬಿಡಿ. ಹೋಸ್‌ಗಳನ್ನು ಮೆಲ್ಲಗೆ ಹಿಂಡುತ್ತಾ ಇರಿ, ಗುಳ್ಳೆ ಬಂದ ಹಾಗೆ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಇಂಜಿನ್ ಬಿಸಿಯೇರಿ ದ್ರವ ಉಬ್ಬಿ ಬರುವ ಮುಂಚೆ ಕ್ಯಾಪ್ ಹಾಕಿಬಿಡಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಕಾಯಿರಿ. ಹೀಟರ್‌ನಿಂದ ಬಿಸಿ ಗಾಳಿ ಒಂದೇ ಸಮ ಬರುತ್ತಿದ್ದರೆ ಏರ್ ಲಾಕ್ ಹೋಗಿದೆ.

ಆಮೇಲೆ ಸ್ಕ್ಯಾನರ್ ಹಾಕಿಕೊಂಡೇ ಒಂದು ಏರು ರಸ್ತೆಯಲ್ಲಿ ಎಸಿ ಹಾಕಿ ಓಡಿಸಿ. ಮೊಬೈಲನ್ನು ಪಕ್ಕದವರು ನೋಡಲಿ. ಸಮತಟ್ಟಿನಲ್ಲಿ 90 ಡಿಗ್ರಿ ಆಸುಪಾಸು, ಏರಿನಲ್ಲಿ 100ರ ಹತ್ತಿರ ಹೋಗಿ ಮತ್ತೆ ಇಳಿದರೆ ಸರಿ. ಏರು ಮುಗಿದು ಸಮತಟ್ಟಿಗೆ ಬಂದ ಮೇಲೂ ಇಳಿಯದೆ ಏರುತ್ತಲೇ ಇದ್ದರೆ ರಿಪೇರಿ ಮುಗಿದಿಲ್ಲ. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ. ಸ್ವಲ್ಪ ಇಳಿದಿದ್ದರೆ ಉಳಿದಿದ್ದ ಗಾಳಿ ಹೋಗಿದೆ ಎಂದುಕೊಂಡು ತುಂಬಿ. ಮತ್ತೆ ಓಡಿಸಿದ ಮೇಲೂ ಇಳಿದರೆ ಪ್ರೆಶರ್ ಟೆಸ್ಟರ್ ಹಾಕಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡಿ. ಟೆಸ್ಟರ್‌ನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಹೊರಗೆ ಹನಿ ಕಾಣದಿದ್ದರೆ ಮ್ಯಾಟ್ ಎತ್ತಿ ಡ್ಯಾಶ್‌ಬೋರ್ಡ್ ಕೆಳಗೆ ಒದ್ದೆ ಇದೆಯಾ ನೋಡಿ. ಹೀಟರ್ ಕೋರ್ ಸೋರುವುದು ಅಲ್ಲಿಗೆ.